ಎತ್ತರದ ಕೆಳಬೀದಿ

ನಮ್ಮ ಪುಟ್ಟ ಊರಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ಕೆಳಬೀದಿ. ಬಸ್ಸಿಳಿದ ಹೊಸಬರು ಹೆಸರು ನಂಬಿ ಇಳಿಜಾರು ಹಿಡಿದು, ಊರಾಚೆಯ ಇಟ್ಟಿಗೆ ಗೂಡಿನವರೆಗೆ ಹೋಗಿ, ಬೆವರೊರೆಸಿಕೊಳ್ಳುತ್ತ ಮರಳುತ್ತಾರೆ. ನಕ್ಷೆ ಕಚೇರಿಯ ಗುಮಾಸ್ತರೂ ಹಾಗೆಯೇ ಬಂದರು. ದರ್ಜಿ ಅತ್ತೆಯ ಅಂಗಡಿಯಲ್ಲಿ ಕೂತು, ಒಂದು ಚೊಂಬು ನೀರು ಮುಗಿಸಿ, ಕಾಗದ ಬಿಚ್ಚಿದರು.

"ಹೊಸ ನಕ್ಷೇಲಿ ಇದು ಮೇಲ್ಬೀದಿ ಆಗುತ್ತಮ್ಮ. ಹನ್ನೊಂದು ಮನೆಯವರೂ ಒಪ್ಪಿ ರುಜು ಹಾಕ್ಬೇಕು. ನೀವು ಹಿರಿಯರು, ನಿಮ್ಮಿಂದ್ಲೇ ಶುರು."

"ಕೆಳಬೀದಿಗೆ ಏನಾಗಿದೆಯಪ್ಪ?"

"ಎತ್ತರದಲ್ಲಿರೋದನ್ನ ಯಾರಾದ್ರೂ ಕೆಳಗೆ ಅಂತಾರಾ?"

ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಅತ್ತೆಯ ನಾದಿನಿ ತಲೆಯೆತ್ತದೆ ಹೇಳಿದಳು: "ನಮ್ಮಣ್ಣನ್ನ ಎಲ್ಲರೂ ಜಾಣ ಅಂತಿರ್ಲಿಲ್ವೇ, ಹಾಗೆ."

ಅತ್ತೆ ನಗಲಿಲ್ಲ. ಅಂಗೈ ಒತ್ತಿ ಯಂತ್ರದ ಚಕ್ರ ನಿಲ್ಲಿಸಿದಳು. ಅವಳ ಅತ್ತೆ ತೊಟ್ಟಿಲು ತೂಗುತ್ತ ಹೇಳುತ್ತಿದ್ದ ಪದವೊಂದು ನಾಲಿಗೆಗೆ ಬಂತು:

ಹೊಳೆ ಹೊಕ್ಕಿತು ಮನೆಗೆ, ಒಲೆ ಮುಳುಗಿತು ಕೊನೆಗೆ;
ಹೊತ್ತವರ ನೆತ್ತಿ ಸವೆದಿತ್ತು, ನೆಲ ಬೆಳೆದಿತ್ತು.

"ಆಗ ಇದೇ ಊರಿಗೆಲ್ಲ ತಗ್ಗು. ಹೊಳೆ ಬೀದೀನೇ ಬಳ್ಕೊಂಡು ಹೋಯ್ತು. ಉಳಿದೋರಿಗೆ ಬೇರೆ ಕಡೆ ಹೋಗಿ ಅಂದ್ರು, ಹೋಗ್ಲಿಲ್ಲ. ಮೂರು ಬೇಸಿಗೆ ತಲೆ ಮೇಲೆ ಮಣ್ಣು ಹೊತ್ತು, ಇಲ್ಲೇ ದಿಬ್ಬ ಮಾಡಿ ಮನೆ ಕಟ್ಟಿದ್ರು. ಆಮೇಲೆ ಹೊಳೆಯೇ ಮುನಿಸ್ಕೊಂಡು ಆಚೆ ಸರೀತು. ಹೆಸರು ಮಾತ್ರ ಯಾರೂ ಮುಟ್ಲಿಲ್ಲ."

"ಕಥೆ ಚೆನ್ನಾಗಿದೆ. ಕಂಪ್ಯೂಟರ್ ಕೇಳಲ್ವಲ್ಲ. ನೀವು ಒಪ್ಪದಿದ್ರೆ ಹೆಸರಿನ ಜಾಗ ಖಾಲಿ ಬಿಡ್ತಾರೆ. ಟಪಾಲು ಬರಲ್ಲ, ಆಂಬುಲೆನ್ಸ್ ದಾರಿ ತಪ್ಪುತ್ತೆ."

ಆ ಮಾತು ನಾಟಿತು. ಅತ್ತೆಯ ಗಂಡ ಕೊನೆಯುಸಿರೆಳೆದಾಗ ಆಂಬುಲೆನ್ಸು ಇಟ್ಟಿಗೆ ಗೂಡನ್ನೇ ಸುತ್ತುತ್ತಿತ್ತು. ನಾದಿನಿಯ ಸೂಜಿ ನಿಂತಿತು. ಅತ್ತೆ ಮಡಿಲಲ್ಲಿದ್ದ ದಾರದ ತುಣುಕುಗಳನ್ನು ಒಂದೊಂದಾಗಿ ಹೆಕ್ಕಿ ಕೆಳಗೆ ಹಾಕಿದಳು.

"ದಾರಿ ತಪ್ಪೋರಿಗೆ ಹೇಳೋಕೆ ಇನ್ಮೇಲೆ ಬಸ್ ನಿಲ್ದಾಣದಲ್ಲಿ ನಮ್ಮಲ್ಲಿ ಒಬ್ರು ನಿಲ್ತೀವಿ. ಅವತ್ತು ಯಾರೂ ನಿಂತಿರ್ಲಿಲ್ಲ, ಅದು ನಮ್ಮ ತಪ್ಪು. ಹೆಸರಿನ ತಪ್ಪಲ್ಲ. ಪೆನ್ನು ಕೊಡಿ."

ಕಾಗದದ ಮೇಲಿನ ಒಪ್ಪಿಗೆಯ ಮನೆಗೆ ಅಡ್ಡಗೆರೆ ಎಳೆದಳು. 'ಕಾರಣ' ಎಂದಿದ್ದ ಕಡೆ ಬ್ಲೌಸಿನ ಅಳತೆ ಬರೆಯುವಂತೆ ನಿಧಾನವಾಗಿ ಬರೆದಳು: ಈ ನೆಲ ನಾವು ಎತ್ತಿದ್ದು.

"ಅದೆಷ್ಟು ತಲೆಮಾರಿನ ಹಿಂದಿನ ಮಾತಮ್ಮ. ನೀವು ಎತ್ತಿದ್ದಾ?"

"ನಾವೇ."

ಗುಮಾಸ್ತರು ನಾದಿನಿಯಾದರೂ ಬುದ್ಧಿ ಹೇಳಿಯಾಳೆಂದು ಆ ಕಡೆ ತಿರುಗಿದರು. ಅರ್ಧ ಹೊಲಿದ ಅಂಗಿಯಲ್ಲಿ ಸೂಜಿ ಚುಚ್ಚಿಕೊಂಡಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು.

ಗುಮಾಸ್ತರು ಕಾಗದ ಮಡಚಿಕೊಂಡು ಹೊರಬಂದಾಗ, ಪಕ್ಕದ ಮನೆಯ ಬೀಗ ರಿಪೇರಿ ಮಾವ ಕನ್ನಡಕ ಏರಿಸಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದ.

"ಬನ್ನಿ ಸಾರ್, ಕೂತ್ಕೊಳ್ಳಿ. ಕಾರಣ ಬರೆಯೋ ಮನೆ ಯಾವುದು, ತೋರ್ಸಿ."