ಕಾಲು ಊದುವ ತನಕ ಕಾಯಬೇಡಿ

ತಮ್ಮ ದೇವುವನ್ನು ಕಂಡಾಗಲೆಲ್ಲ ಜಲಜಳ ಕಣ್ಣು ಅವನ ಕಾಲಿಗೆ ಇಳಿಯುತ್ತಿತ್ತು. ತಲ್ಲೂರಿನ ಮನೆಯ ಜಗಲಿಯಲ್ಲಿ ಅವನು ಬಲೆ ಸರಿಮಾಡುತ್ತಿದ್ದರೆ, ಹೆಬ್ಬೆರಳಿನಿಂದ ಅವನ ಕಣಕಾಲು ಒತ್ತಿ ನೋಡುವಳು. ಗುಳಿ ಬೀಳದಿದ್ದರೆ ಊತವಿಲ್ಲವೆಂದು ಬುಟ್ಟಿ ಹೊತ್ತು ಕುಂದಾಪುರದ ಮೀನು ಮಾರ್ಕೆಟ್ಟಿಗೆ ಹೊರಡುವಳು. ೨೦೧೫ರಲ್ಲಿ ದೇವುವಿನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಅವಳೇ. ಈಗ ಎರಡು ವರ್ಷ ಕಳೆದಿತ್ತು.

ದೇವು ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೆ ಈ ಮಳೆಗಾಲದಿಂದ ರಕ್ತಪರೀಕ್ಷೆಗೆ ಹೋಗುವುದನ್ನೇ ಬಿಟ್ಟಿದ್ದ.

"ಉಂಬುದ್ ಸಮ ಇತ್ತ್, ಕಾಲ್ ಬೀಗ್ಲಿಲ್ಲೆ. ಮತ್ತೆಂತಕ್ಕೆ ಅಕ್ಕ ಸೂಜಿ ಚುಚ್ಚಿಸ್ಕಂಬುದ್?"

ಒಂದು ಬೆಳಿಗ್ಗೆ, ಕಸಿಗೆ ಮೊದಲು ದೇವುವನ್ನು ನೋಡಿಕೊಂಡಿದ್ದ ಡಯಾಲಿಸಿಸ್ ವಾರ್ಡಿನ ನರ್ಸ್ ಶ್ರೀಲತಾ ಮಾರ್ಕೆಟ್ಟಿಗೆ ಬಂಗುಡೆ ಮೀನು ಕೊಳ್ಳಲು ಬಂದರು.

"ಜಲಜಕ್ಕ, ದೇವುದ್ ಕ್ರಿಯಾಟಿನಿನ್ ಎಷ್ಟ್ ಬಂತ್?"

"ಪರೀಕ್ಷೆ ಮಾಡ್ಸ್ಲಿಲ್ಲೆ ಅಮ್ಮ. ಕಾಲ್ ದಿನಾ ಒತ್ತಿ ಕಾಣ್ತೆ, ಬೀಗ್ಲಿಲ್ಲೆ."

ಶ್ರೀಲತಾ ಕೈಯಲ್ಲಿದ್ದ ಮೀನನ್ನು ಬುಟ್ಟಿಗೇ ಹಾಕಿದರು. "ಕಾಲ್ ಬೀಗುವಷ್ಟೊತ್ತಿಗೆ ತಡ ಆಯಿರತ್ತ್. ದೇವು ಮೈಗೆ ಆ ಕಿಡ್ನಿ ಪರರದ್ದ್. ಒಳಗಿಂದೊಳಗೆ ಮೈಯೇ ಅದ್ರ ಒಟ್ಟಿಗೆ ಜಗಳಕ್ಕೆ ಹೋತ್ತ್. ನೋವಿಲ್ಲೆ, ಜ್ವರ ಇಲ್ಲೆ. ಸುಳಿವು ಸಿಕ್ಕುದ್ ಪರೀಕ್ಷೆಯಗೆ. ಕಿಡ್ನಿ ಸೋತ್ರೆ ಕ್ರಿಯಾಟಿನಿನ್ ಅಂಬ ಕಸ ರಕ್ತದಗೆ ಹೆಚ್ಚಾತ್ತ್, ಮೂತ್ರದಗೆ ಪ್ರೋಟೀನ್ ಸೋರತ್ತ್. ತಿಂದ ಮದ್ದ್ ರಕ್ತದಗೆ ಸಾಕಷ್ಟ್ ಇತ್ತಾ ಅಂದೇಳಿಯೂ ಕಾಣ್ಕ್."

"ಅದ್ಕಿಂತ ಬೇಗ ಗೊತ್ತಾಪುದ್ ಎಂತದೂ ಇಲ್ಯಾ?"

"ಕಸಿ ಕಿಡ್ನಿಗೆ ಪೆಟ್ಟಾದ್ರೆ ಅದ್ರ ಡಿಎನ್‌ಎ ಚೂರ್ ರಕ್ತದಗೆ ಜಾಸ್ತಿ ಆತ್ತಂಬ್ರ್. ಅಂದ್ರೆ ನಿಮ್ದೇ ಚೂರ್, ಜಲಜಕ್ಕ. ಅದನ್ನ್ ಹುಡ್ಕುವ ಪರೀಕ್ಷೆ ಹೊರದೇಶದಗೆ ಶುರುವಾಯ್ತ್. ನಮ್ಮೂರಿಗೆ ಬಪ್ಪಲ್ಲಿವರೆಗೆ ಇದ್ದದ್ದನ್ನ್ ಮಾಡ್ಸ್ಕಲೆ."

ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಜಲಜ ತಲ್ಲೂರಿನ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ದೇವು ಜಗಲಿಯಲ್ಲೇ ಬಲೆ ಹಿಡಿದು ಕೂತಿದ್ದ.

"ಹ್ವಾಯ್ ದೇವು, ಏಳ್. ಈಗ್ಳೇ ಆಸ್ಪತ್ರೆಗೆ ಹೋಪ."

"ನಾ ಬತ್ತಿಲ್ಲೆ."

"ಎಂತಕ್ಕೆ?"

ದೇವು ಬಲೆಯಿಂದ ಕಣ್ಣೆತ್ತಲಿಲ್ಲ. "ಹಾಳಾಯ್ತ್ ಅಂದೇಳಿ ಬಂದ್ರೆ? ನಿನ್ನ ಹೊಟ್ಟೆ ಕೊಯ್ಸಿ ತಕಂಡದ್ದ್. ನಿನ್ನ ಮುಖ ಹ್ಯಾಂಗ್ ಕಾಂಬುದ್ ನಾನ್?"

ಇಷ್ಟು ದಿನ ಸೋಮಾರಿತನ ಅಂದುಕೊಂಡದ್ದು ಹೆದರಿಕೆಯಾಗಿತ್ತು. ಜಲಜ ಅವನ ಕೈಯಿಂದ ಬಲೆ ತೆಗೆದು ಪಕ್ಕಕ್ಕಿಟ್ಟಳು.

"ನಂಗೆ ನೀ ಬೇಕ್ ಮಾರಾಯಾ. ಹಾಳಾಪುಕೆ ಶುರುವಾದ್ರೆ ನಿಲ್ಸುಕೆ ಮೊದ್ಲ್ ಗೊತ್ತಾಯ್ಕ್. ಏಳ್."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಕ್ರಿಯಾಟಿನಿನ್ ಹಿಂದಿನ ರಿಪೋರ್ಟಿನ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಡಾಕ್ಟರು ಅವನನ್ನು ಅಡ್ಮಿಟ್ ಮಾಡಿಕೊಂಡು, ಸೂಜಿಯಿಂದ ಕಿಡ್ನಿಯ ಸಣ್ಣ ಎಳೆ ತೆಗೆದು ಪರೀಕ್ಷೆಗೆ ಕಳಿಸಿದರು. ದೇಹ ಕಿಡ್ನಿಯನ್ನು ತಿರಸ್ಕರಿಸಲು ಶುರುಮಾಡಿತ್ತು. ಇಂಜೆಕ್ಷನ್ ಕೊಟ್ಟರು, ಮದ್ದು ಹೆಚ್ಚಿಸಿದರು. ಪ್ರತಿ ರಿಪೋರ್ಟು ಬರುವ ತನಕ ಜಲಜ ವಾರ್ಡಿನ ಹೊರಗೆ ಆಚೆಯಿಂದೀಚೆ ತಿರುಗಿದಳು.

ಕೊನೆಗೂ ಅಂಕಿ ಇಳಿಯಿತು. ಮೊದಲಿನಷ್ಟಕ್ಕೆ ಬರಲಿಲ್ಲ. "ಆದ ಹಾನಿ ಆಯಿತು. ಕಿಡ್ನಿ ಉಳಿದಿದೆ," ಎಂದರು ಡಾಕ್ಟರು.

"ಅಕ್ಕ, ಇನ್ನ್ ಯಾವತ್ತ್ ಪರೀಕ್ಷೆಗೆ ರಕ್ತ ಕೊಡ್ಕಂಬ್ರ್?" ದೇವು ಮೆಲ್ಲಗೆ ಕೇಳಿದ.

"ಡಾಕ್ಟರ್ನ ನೀನೇ ಕೇಳ್."

ಅವನೇ ಕೇಳಿದ.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಕಿಡ್ನಿ ಕಸಿ ಆದವರಿದ್ದಾರೆಯೇ? ಕಡೆಯ ಸಲ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಇವತ್ತೇ ವಿಚಾರಿಸಿ. ಆರಾಮ ಇದ್ದೇನೆ ಎಂದರೂ ಡಾಕ್ಟರು ಹೇಳಿದ ದಿನಕ್ಕೆ ಹೋಗಲೇಬೇಕು. ಅವರನ್ನು ಕೇಳದೆ ಯಾವ ಮಾತ್ರೆಯನ್ನೂ ಬಿಡಬಾರದು. ಹೋಗಲು ಹಿಂಜರಿಯುವವರನ್ನು ಗದರಬೇಡಿ. ಹೆದರಿಕೆ ಏನೆಂದು ಕೇಳಿ, ಜೊತೆಗೆ ಹೋಗಿ.