ಪುನರ್ವಸುವಿನ ಬಿದಿರು

ಎಂಥ ಗೋಡೆಗೂ ಅಂಟಿಕೊಂಡು ಬಣ್ಣ ಬಳಿಯುತ್ತಾನೆಂದು ಅವನಿಗೆ ‘ಉಡ’ ಎಂದೇ ಹೆಸರು ಬಿದ್ದಿತ್ತು. ತಾನೇ ಬಿದಿರಿನ ಸಾರುವೆ ಕಟ್ಟುವನು, ತಾನೇ ಹತ್ತುವನು. ಹೆಂಡತಿ ಕೆಳಗೆ ಕೂತು ಬಣ್ಣ ಕಲಸಿ, ಬಕೆಟ್ಟನ್ನು ಹಗ್ಗಕ್ಕೆ ಸಿಕ್ಕಿಸಿ ಮೇಲಕ್ಕೆ ಕಳಿಸುವಳು.

ಅಂಥವನು ಹಳೆಯ ಚಿತ್ರಮಂದಿರದ ಮುಂಗೋಡೆಗೆ ಬಣ್ಣ ಹೊಡೆಯುವಾಗ ಕಾಲು ಜಾರಿ ಬಿದ್ದ. ಹಿಮ್ಮಡಿ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಎದೆ ಕೂಡಲಿಲ್ಲ. ನೋಡಲು ಬಂದ ಅತ್ತಿಗೆ, ಹೆಂಡತಿಯ ಅಕ್ಕ, ಪಂಚಾಂಗ ತಿರುವಿ, “ನಿಂದು ಪುನರ್ವಸು ನಕ್ಷತ್ರ. ಬಿದಿರು ನಿನ್ನ ಮರ. ಅದನ್ನೇ ಕಡಿದು, ಸೀಳಿ, ಮೇಲೆ ನಿಂತು ಕುಣಿದ್ರೆ ಸುಮ್ನೆ ಬಿಡುತ್ತಾ?” ಎಂದುಬಿಟ್ಟಿದ್ದಳು. ಮಾತು ಗೆದ್ದಲಿನಂತೆ ಒಳಹೊಕ್ಕಿತು. ಉಡ ಗೇಟು, ಕಿಟಕಿ ಸರಳುಗಳಿಗೆ ಬಣ್ಣ ಬಳಿಯುತ್ತ ನೆಲ ಬಿಟ್ಟು ಮೇಲೇಳಲಿಲ್ಲ.

ಚಿತ್ರಮಂದಿರದ ಗೋಡೆ ಅರ್ಧ ಕ್ಷೌರ ಮಾಡಿಸಿಕೊಂಡ ಮುಖದಂತೆ ಉಳಿಯಿತು. ಮುಗಿಸುತ್ತೀರೋ, ಬೇರೆಯವರನ್ನು ಕರೆಯಲೋ ಎಂದು ಯಜಮಾನ ಹೇಳಿಕಳಿಸಿದ. ಹೆಂಡತಿ ಗಂಡನ ಹಳೆಯ ಪ್ಯಾಂಟು ತೊಟ್ಟು, ಬ್ರಷ್ಷನ್ನು ಸೊಂಟಕ್ಕೆ ಸಿಕ್ಕಿಸಿ ಸಾರುವೆ ಹತ್ತಿದಳು. ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಜೀವ ಕೈಯಲ್ಲಿ ಹಿಡಿದು ನೋಡುತ್ತಿದ್ದ.

ಅವಳು ನಿಂತ ಬಿದಿರಿನ ಅಡ್ಡಗಳುವಿನ ಗಂಟು ಸಡಿಲಾಗಿದ್ದುದು ಅವನ ಕಣ್ಣಿಗೆ ಬಿತ್ತು. ಅವನು ಬಿದ್ದಾಗಿನಿಂದ ಬಿಚ್ಚದೆ ಬಿಟ್ಟಿದ್ದ ಸಾರುವೆ; ಮಳೆಬಿಸಿಲಿಗೆ ಹಗ್ಗ ನವೆದಿತ್ತು.

“ಅಲುಗಾಡ್ಬೇಡ. ಅಲ್ಲೇ ನಿಲ್ಲು.”

ನಕ್ಷತ್ರ, ಅತ್ತಿಗೆ ಎಲ್ಲ ಆ ಗಳಿಗೆಯಲ್ಲಿ ಮರೆತುಹೋದವು. ಹೊಸ ಹಗ್ಗವನ್ನು ಹೆಗಲಿಗೆ ಹಾಕಿ ಹತ್ತಿದ. ಹಿಮ್ಮಡಿ ಚುರುಗುಟ್ಟಿತು. ಗಂಟು ಬಿಗಿದಾದ ಮೇಲೆ ಕೆಳಗೆ ನೋಡಿದ. ಥಟ್ಟನೆ ಗಳುವನ್ನು ತಬ್ಬಿಕೊಂಡ.

ಹೆಂಡತಿ ಮೆಲ್ಲಗೆ ಹೇಳಿದಳು: “ಅವತ್ತು ನೇರ ನೆಲಕ್ಕೆ ಬಂದಿದ್ರೆ ನೀನು ಉಳೀತಿದ್ಯಾ? ಒಂದು ಗಳು ತಡೀತು, ಇನ್ನೊಂದು ತಡೀತು. ನಾನು ಕೆಳಗಿದ್ದೆ, ಕಣ್ಣಾರೆ ನೋಡಿದೀನಿ. ನಿನ್ನ ಮರ ನಿನ್ನನ್ನ ಬೀಳಿಸಲಿಲ್ಲ, ಇಳಿಸ್ತು. ಪುನರ್ವಸು ಅಂದ್ರೆ ಹೋದದ್ದು ತಿರುಗಿ ಬರೋದು ಅಂತಾನೂ ಅಕ್ಕ ಹೇಳಿದ್ಲು. ಅದು ಮಾತ್ರ ನಿನ್ನ ಕಿವಿಗೆ ಬೀಳಲಿಲ್ಲ.”

ಅವನಿಗೆ ಬಿದ್ದ ದಿನ ಮೈಗೆ ತಾಗಿದ ಪೆಟ್ಟುಗಳೆಲ್ಲ ನೆನಪಾದವು. ಇಷ್ಟು ದಿನ ಅವನ್ನು ಹೊಡೆತಗಳೆಂದೇ ಎಣಿಸಿದ್ದ. ಅವಳ ಕೈಯ ಬ್ರಷ್ಷು ತೆಗೆದುಕೊಂಡು ಎದುರಿನ ಒಂದು ಗೇಣು ಗೋಡೆಗೆ ಬಳಿದ. ಆಮೇಲೆ ಇನ್ನೊಂದು ಗೇಣು. ಇನ್ನೊಂದು ಕೈ ಗಳುವನ್ನು ಬಿಡಲಿಲ್ಲ, ಆದರೆ ಗೋಡೆ ಮುಗಿಯುತ್ತ ಬಂತು.

ಸಂಜೆ ಇಳಿಯುವಾಗ ಅವಳು, ನಾಳೆಯಿಂದ ಬಣ್ಣ ಕಲಸಲು ಯಾರನ್ನಾದರೂ ನೋಡಿಕೋ, ಮೇಲಿನ ಗಾಳಿ ತನಗೆ ಹಿಡಿಸಿದೆ ಎಂದಳು. ಮನೆಗೆ ಹೋಗುವ ಮೊದಲು ಉಡ ಅವಳನ್ನು ಗಳುವಿನ ಪಕ್ಕ ನಿಲ್ಲಿಸಿಕೊಂಡು, ಜಾರದಂತೆ ಗಂಟು ಬಿಗಿಯುವುದು ಹೇಗೆಂದು ತೋರಿಸಿಕೊಟ್ಟ.