ಮೋಟಾರು ಓಡಿಸಿದವರು ಯಾರು

ತಿರುಮಕೂಡಲು ನರಸೀಪುರಕ್ಕೆಲ್ಲ ಆಗ ಇದ್ದದ್ದು ಒಂದೇ ಮೋಟಾರು. ಅದು ಬೆಲ್ಲದ ಮಂಡಿ ಶಿವಮಲ್ಲಪ್ಪನವರದು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಓಡಾಡುತ್ತಿದ್ದ ಸೈಕಲ್ಲೂ ಒಂದೇ. ಅದು ನಂಜನಗೂಡಿನ ಬಾಳೆತೋಟದ ಗಂಗಾಧರಸ್ವಾಮಿಯದು. ಅಷ್ಟುದ್ದ ರಸ್ತೆ, ಎರಡೂ ಕಡೆ ಸಾಲುಮರ, ಎದುರುಬದುರು ಎತ್ತಿನ ಗಾಡಿಗಳು ಆರಾಮವಾಗಿ ದಾಟುವಷ್ಟು ಅಗಲ. ಆದರೂ ಆ ಒಂದು ಮೋಟಾರು ಹುಡುಕಿಕೊಂಡು ಬಂದು ಈ ಒಂದು ಸೈಕಲ್ಲಿಗೇ ಗುದ್ದಿತು ಎಂದರೆ ಹಣೆಬರಹ ಎನ್ನಬೇಕೋ, ಶಿವಮಲ್ಲಪ್ಪನವರ ಕೈಗುಣ ಎನ್ನಬೇಕೋ, ನೀವೇ ಹೇಳಿ.

ಹೌದು, ಓಡಿಸುತ್ತಿದ್ದವರು ಶಿವಮಲ್ಲಪ್ಪನವರೇ. ಮೈಸೂರಿನ ಪೊಲೀಸರು ಲೈಸೆನ್ಸು ಕೊಟ್ಟಿದ್ದು ಅವರ ಡ್ರೈವರ್ ಚಿಕ್ಕಮಾದುವಿಗೆ ಮಾತ್ರ. ಆದರೆ ಸ್ವಂತ ಮೋಟಾರು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಮೂಟೆಯ ಹಾಗೆ ಕೂರುವುದು ಅವರಿಗೆ ಸರಿಬರುತ್ತಿರಲಿಲ್ಲ. ಊರು ದಾಟಿದ ಕೂಡಲೇ ಚಿಕ್ಕಮಾದುವನ್ನು ಪಕ್ಕಕ್ಕೆ ಸರಿಸಿ ತಾವೇ ಚಕ್ರ ಹಿಡಿಯುತ್ತಿದ್ದರು. ಚಿಕ್ಕಮಾದು ಜೀವ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದ. ಅವತ್ತು ಹಿಂದಿನ ಸೀಟಿನಲ್ಲಿ ಅವರ ಮಗಳು ಮಲ್ಲಾಜಮ್ಮನೂ ಇದ್ದಳು.

ಗಂಗಾಧರಸ್ವಾಮಿ ಸೈಕಲ್ಲಿನ ಹಿಂದೆ ರಸಬಾಳೆಯ ಗೊನೆ ಕಟ್ಟಿಕೊಂಡು, ರಸ್ತೆಯ ಎಡಕ್ಕೇ ತನ್ನ ಪಾಡಿಗೆ ತಾನು ತುಳಿಯುತ್ತ ಬರುತ್ತಿದ್ದ. ನರಸೀಪುರ ಇನ್ನೇನು ಬಂತು ಎನ್ನುವ ತಿರುವಿನಲ್ಲಿ ಮೋಟಾರು ಎದುರಾಯಿತು. ಶಿವಮಲ್ಲಪ್ಪನವರು ಬ್ರೇಕು ಎಂದುಕೊಂಡು ತುಳಿದದ್ದು ಬೇರೇನನ್ನೋ. ಸೈಕಲ್ಲು ಮರಕ್ಕೆ, ಗೊನೆ ರಸ್ತೆಗೆ, ಗಂಗಾಧರಸ್ವಾಮಿ ಗದ್ದೆಗೆ ಹೋಗಿ ಬಿದ್ದ.

ಅವನು ಕಣ್ಣು ಬಿಟ್ಟಾಗ ಶಿವಮಲ್ಲಪ್ಪನವರು ಬದುವಿನ ಮೇಲೆ ನಿಂತು ಆಕಾಶಕ್ಕೆ ಕೈಯೆತ್ತಿ ಅರಚುತ್ತಿದ್ದರು. "ಅಪ್ಪಾ ನಂಜುಂಡೇಶ್ವರ, ಈ ಹುಡುಗನ್ನ ಉಳಿಸ್ಕೊಡಪ್ಪ! ನಿನ್ನ ಗುಡಿ ಸುತ್ತ ಉರುಳುಸೇವೆ ಮಾಡ್ತೀನಿ!"

ಗಂಗಾಧರಸ್ವಾಮಿ ಅವರನ್ನು ನೋಡಲೇ ಇಲ್ಲ. ಅವನ ಕಾಲ ಬಳಿ ಕೆಸರಿನಲ್ಲಿ ಮಂಡಿಯೂರಿ ಒಬ್ಬ ಹುಡುಗಿ ಕೂತಿದ್ದಳು. ತನ್ನ ಕೊಡೆಯನ್ನು ಮುರಿದ ಕಾಲಿಗೆ ಆನಿಸಿ, ಸೆರಗಿನ ಅಂಚು ಹರಿದು ಬಿಗಿಯಾಗಿ ಕಟ್ಟುತ್ತಿದ್ದಳು. "ಅಪ್ಪಯ್ಯ, ಕೂಗಾಡಿದ್ದು ಸಾಕು. ತಪ್ಪು ನಮ್ದು. ಮೊದ್ಲು ಎತ್ಕೊಳ್ಳಿ ಇವರ್ನ" ಎಂದಳು. ಕಾಲು ಮುರಿದವನಿಗೆ ನೋವಿನ ಮೇಲೆ ಗಮನ ಇರಬೇಕು ತಾನೆ? ಇವನಿಗೆ ಇರಲಿಲ್ಲ. ಚಿಕ್ಕಮಾದು ಅವನನ್ನು ಬೆನ್ನ ಮೇಲೆ ಹೊತ್ತು ಮೋಟಾರಿಗೆ ಹಾಕಿ, ಒಂದು ಕುಲುಕೂ ತಾಗದ ಹಾಗೆ ನಂಜನಗೂಡಿನವರೆಗೆ ಓಡಿಸಿಕೊಂಡು ಬಂದ.

ಮೂಳೆ ಕಟ್ಟುವ ವೈದ್ಯರು ಬಿದಿರು ದಬ್ಬೆ ಕಟ್ಟಿ, ಎರಡು ತಿಂಗಳು ಏಳಕೂಡದು ಎಂದರು. ಗಂಗಾಧರಸ್ವಾಮಿ ಮಲಗಿದ. ಶಿವಮಲ್ಲಪ್ಪನವರು ಮೊದಲು ಮನಸ್ಸು ತಡೆಯದೆ ನೋಡಲು ಬಂದರು. ಆಮೇಲೆ ಮಾತಿನ ರುಚಿಗೆ ಬಂದರು. ಹುಡುಗ ತೋಟ ನೋಡಿಕೊಳ್ಳುವವನು, ತಂದೆಯಿಲ್ಲದೆ ಮನೆ ನಡೆಸಿದವನು, ತಾಯಿಯ ಮಾತು ಮೀರದವನು. ಇದನ್ನೆಲ್ಲ ಕಂಡ ಮೇಲೆ ಬಂದದ್ದು ಬೇರೆಯೇ ಕೆಲಸಕ್ಕೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ತಾಯಿಯನ್ನು ಕೇಳಿದರು: "ತಾಯಿ, ನಿಮ್ದು ಯಾವ ಬೆಡಗು?"

ಬೆಡಗು ಎಂದರೆ ಮನೆತನದ ಗೋತ್ರ; ಅದು ಕೂಡಿಬಂತು. ಒಳ್ಳೆಯ ದಿನ ನೋಡಿ ವೀಳ್ಯ ಬದಲಾಯಿಸುವುದು ಎಂದಾಯಿತು. ಗಂಗಾಧರಸ್ವಾಮಿ ತೊಲೆ ನೋಡುತ್ತ ಒಬ್ಬನೇ ನಗುವುದನ್ನು ಕಂಡು ಅವನ ತಾಯಿ ದೃಷ್ಟಿ ತೆಗೆದಳು. ಕಾಲು ಮುರಿದದ್ದೇ ಒಳ್ಳೆಯದಾಯಿತು ಎಂದುಕೊಂಡ ಗಂಡಸು ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಎಲ್ಲ ಸರಿಯಾಗಿ ಹೋಗುತ್ತಿರುವಾಗ ಬುದ್ಧಿವಂತರು ಸುಮ್ಮನಿರುತ್ತಾರೆಯೇ? ಗಂಗಾಧರಸ್ವಾಮಿಯ ಸೋದರಮಾವ ಮರಿಸ್ವಾಮಿ ನಂಜನಗೂಡಿನ ವಕೀಲರೊಬ್ಬರ ಗುಮಾಸ್ತೆ. ಕಾನೂನು ಓದಿದವರಿಗಿಂತ ಕಾನೂನು ಕೇಳಿಸಿಕೊಂಡವರ ಕಾಟ ಹೆಚ್ಚು. ಮೋಟಾರಿಗೆ ಇನ್ಶೂರೆನ್ಸು ಎಂಬುದೊಂದು ಇರುತ್ತದೆ, ಗುದ್ದಿದರೆ ಮದರಾಸಿನ ಕಂಪನಿಯವರು ಕೊಡುತ್ತಾರೆ ಎಂದು ಅವರು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದರು. ಜಗಲಿಯ ಮೇಲೆ ದಿನಾ ಪಂಚಾಯಿತಿ ನಡೆಯಿತು. ಕಂಪನಿಯ ಕಾಸು ಪಾಪದ ಕಾಸು, ಬೇಡ ಎಂದರು ಒಬ್ಬರು. ಗುದ್ದಿದವರು ಬೀಗರಾಗುವವರು, ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎಂದರು ಇನ್ನೊಬ್ಬರು.

"ಅಲ್ರಯ್ಯ," ಎಂದರು ಮರಿಸ್ವಾಮಿ, "ಬೀಗರನ್ನ ಕೇಳಿದ್ರೆ ಮಾನ ಹೋಗ್ತದೆ. ಕೇಳದೆ ಇದ್ರೆ ಹುಡುಗನ ಕಾಲಿಗೆ ಗತಿಯಿಲ್ಲ. ಕಂಪನೀನ ಕೇಳಿದ್ರೆ ಎರಡೂ ಉಳೀತದೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಗಂಗಾಧರಸ್ವಾಮಿಗೆ ಕಂಪನಿಯೂ ಬೇಕಿರಲಿಲ್ಲ, ಕಾಸೂ ಬೇಕಿರಲಿಲ್ಲ. "ಬೇಡ ಮಾವ, ಕಾಲು ತಾನಾಗೇ ಕೂಡ್ಕೊತದೆ" ಎಂದ. ಆದರೆ ಶಿವಮಲ್ಲಪ್ಪನವರೇ ತೊಡೆ ತಟ್ಟಿಕೊಂಡು ಮುಂದೆ ಬಂದರು. "ವರ್ಷ ವರ್ಷ ಕಂತು ಕಟ್ಟೀ ಕಟ್ಟೀ ಸಾಕಾಗ್ಯದೆ ಕಣ್ರೀ. ಆ ಕಂಪನಿ ಮುಖ ಹೆಂಗದೆ ಅಂತ ಒಂದ್ಸಲ ನೋಡೇಬುಡಾನ. ನಮ್ಮ ಅಳಿಯನ ಸೈಕಲ್ಲು ಅವರೇ ಹೊಸಾದು ತಕ್ಕೊಡ್ಲಿ!"

ಕಂಪನಿಗೆ ಕಾಗದ ಹೋಯಿತು. ವಿಚಾರಣೆಗೆ ನಮ್ಮ ಕಡೆಯ ರಾಯರೊಬ್ಬರು ಬರುತ್ತಾರೆ, ಅಂದಹಾಗೆ ಮೋಟಾರನ್ನು ಲೈಸೆನ್ಸು ಇದ್ದವರೇ ಓಡಿಸುತ್ತಿದ್ದರು ತಾನೆ, ಇಲ್ಲದಿದ್ದರೆ ಕಂಪನಿಗೆ ಸಂಬಂಧವಿಲ್ಲ ಎಂದು ಉತ್ತರ ಬಂತು.

ಜಗಲಿಯ ಮೇಲೆ ಕಾಗದ ಕೈಯಿಂದ ಕೈಗೆ ಹೋಯಿತು. ಮರಿಸ್ವಾಮಿ ನಶ್ಯ ಏರಿಸಿ ಕಣ್ಣು ಒರೆಸಿಕೊಂಡರು. "ಅದಕ್ಕೇನಂತೆ. ಚಿಕ್ಕಮಾದು ಓಡಿಸ್ತಿದ್ದ ಅಂದ್ರಾಯ್ತು. ಯಜಮಾನ್ರು ಹಂಗಂತಾರೆ, ನೀನೂ ಹಂಗನ್ನು ಗಂಗಾಧರ. ಗುದ್ದಿಸ್ಕೊಂಡವನೇ ಹೇಳಿದ ಮೇಲೆ ಇನ್ನು ಕೇಳೋರ್ಯಾರು?"

"ಅವನ ಲೈಸೆನ್ಸು ಕಿತ್ಕೊಳ್ಳಲ್ವಾ ಮಾವ?"

"ಕಿತ್ಕೊಂಡ್ರೆ ಕಿತ್ಕೊಳ್ಳಲಿ. ಯಜಮಾನ್ರು ಮಂಡೀಲಿ ಕೆಲಸ ಕೊಡ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ಕಣ್ಲಾ, ನಾನು ಹೇಳ್ತಿರೋದು ಒಂದೇ ಸುಳ್ಳು!"

ಶಿವಮಲ್ಲಪ್ಪನವರು ನಕ್ಕರು. ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಊರಿಗೆ ಊರೇ ಕಂಪನಿಯ ಮಾತು ಆಡುತ್ತಿರುವಾಗ, ಅಯ್ಯೋ ನಾನೇ ಓಡಿಸಿದ್ದು ಎಂದು ಹಿಂದೆ ಸರಿಯಲು ಅವರಿಗೆ ನಾಚಿಕೆ.

ಮರುದಿನ ಯಜಮಾನರ ಮನೆಯಿಂದ ತುಪ್ಪದ ಗಡಿಗೆ ತಂದವನು ಚಿಕ್ಕಮಾದುವೇ. ಗಡಿಗೆ ಇಳಿಸಿ ಬಾಗಿಲ ಬಳಿ ನಿಂತ. ಕೂರು ಎಂದರೆ ಕೂರಲಿಲ್ಲ.

"ಲೈಸೆನ್ಸು ಒಂಟೋದ್ರೆ ಓಗ್ಲಿ ಬುಡಿ ಸ್ವಾಮಿ," ಎಂದ. "ಬುದ್ದಿಯೋರ ಉಪ್ಪು ತಿಂದಿವ್ನಿ. ಆದ್ರೆ ನೋಡಿ, ನಮ್ಮ ಅಟ್ಟೀಲಿ ಮೋಟಾರು ಓಡ್ಸೋನು ನಾನೊಬ್ನೇಯ. ನನ್ನ ಮಕ್ಳು ಅದ್ನೇ ಏಳ್ಕೊಂಡು ತಿರುಗ್ತವೆ. ಇನ್ನ ಅವುಕ್ಕೆ ಏನಂತ ಏಳಾನ? ನಿಮ್ಮಪ್ಪ ಮನುಸನ್ನ ಗುದ್ದಿ ಕೆಡವ್ದ ಅಂತಾನಾ?"

ಅವನು ಹೋದ ಮೇಲೆ ಗಂಗಾಧರಸ್ವಾಮಿಗೆ ತುಪ್ಪದನ್ನ ಇಳಿಯಲಿಲ್ಲ. ಬೆನ್ನ ಮೇಲೆ ಹೊತ್ತು ತಂದವನ ತಲೆಯ ಮೇಲೆ ಕಲ್ಲು ಹಾಕುವುದು ಹೇಗೆ? ಹಾಗೆಂದು ಕಂಪನಿಯವರ ಮುಂದೆ ನಿಜ ಹೇಳಿದರೆ, ಹೆಣ್ಣು ಕೊಡುವ ಹಿರಿಯರನ್ನು ಪರಸ್ಥಳದವನ ಎದುರು ಸುಳ್ಳುಗಾರರು ಎಂದ ಹಾಗಾಯಿತು. ಯಾವ ತಂದೆ ಆಮೇಲೆ ಮಗಳನ್ನು ಕೊಡುತ್ತಾನೆ?  ಸುಳ್ಳು ಹೇಳಿದರೂ ಮಲ್ಲಾಜಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಹಿಂದಿನ ಸೀಟಿನಲ್ಲೇ ಇದ್ದಳಲ್ಲ.

ಆಗ ಅವನಿಗೆ ಆ ಹರಕೆಯ ನೆನಪಾಯಿತು. ಮದುವೆಯ ಮಾತು ಗಟ್ಟಿಯಾಗುವ ಮೊದಲು ಬಾಕಿ ಹರಕೆ ತೀರಿಸಬೇಕೆಂದು ಶಿವಮಲ್ಲಪ್ಪನವರ ಹೆಂಡತಿ ಹಟ ಹಿಡಿದಿದ್ದರು. ಬರುವ ಸೋಮವಾರವೇ ಉರುಳುಸೇವೆ. ಶಿವಮಲ್ಲಪ್ಪನವರು ಮಂಡಿಯಲ್ಲಿ ಕೂತರೆ ಬೆಳಗಿನಿಂದ ಸಂಜೆಯವರೆಗೆ ಬೆಲ್ಲದ ವಿಷಯದಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳುವವರು. ಆದರೆ ಕಪಿಲೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತಿ, ನಂಜುಂಡಪ್ಪನ ಎದುರಿಗೆ ಎದ್ದು ನಿಂತ ಮನುಷ್ಯ ಸುಳ್ಳಾಡುವುದುಂಟೆ? ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಸಾಧ್ಯವಿಲ್ಲ. ಗಂಗಾಧರಸ್ವಾಮಿಯ ಲೆಕ್ಕಾಚಾರ ಇಷ್ಟೇ.

"ಮಾವ," ಎಂದ ಸಂಜೆ, "ಕಂಪನಿ ರಾಯರು ಸೋಮವಾರದ ರೈಲಿಗೆ ಬರಲಿ. ಯಜಮಾನ್ರು ಹೆಂಗೂ ಅವತ್ತು ದೇವಸ್ಥಾನಕ್ಕೆ ಬಂದಿರ್ತಾರೆ. ಹೇಳಿಕೆ ಅಲ್ಲೇ ಆಗೋಗಲಿ. ನಾನೂ ನರಸೀಪುರದ ತನಕ ಗಾಡೀಲಿ ಕುಲುಕಾಡೋದು ತಪ್ತದೆ."

ಮರಿಸ್ವಾಮಿ ಹಿಗ್ಗಿಹೋದರು. "ನೋಡ್ರಪ್ಪ, ಕಾಲು ಮುರಿದ ಮೇಲೆ ಬುದ್ಧಿ ಬಂತು ನಮ್ಮ ಹುಡುಗನಿಗೆ!"

ಸೋಮವಾರ ಗಂಗಾಧರಸ್ವಾಮಿಯನ್ನು ಗಾಡಿಯಲ್ಲಿ ಕರೆತಂದು ಪ್ರಾಕಾರದ ಕಂಬವೊಂದಕ್ಕೆ ಒರಗಿಸಿ ಕೂರಿಸಿದರು. ಶಿವಮಲ್ಲಪ್ಪನವರ ಶರೀರ ಉರುಳಲಿಕ್ಕೆ ಹೇಳಿ ಮಾಡಿಸಿದ್ದಾದರೂ, ಮೂಲೆಗಳಲ್ಲಿ ತಿರುಗುವುದು ಮೋಟಾರಿನಷ್ಟೇ ಕಷ್ಟವಾಯಿತು. ಪಕ್ಕದಲ್ಲಿ ಬಗ್ಗಿ ಬಗ್ಗಿ ನಡೆಯುತ್ತ "ಈ ಕಡೀಕೆ ಬುದ್ದಿ, ಇನ್ನೊಸಿ ಎಡಕ್ಕೆ" ಎಂದು ದಾರಿ ಹೇಳುತ್ತಿದ್ದವನು ಚಿಕ್ಕಮಾದು. ಸುತ್ತು ಮುಗಿಸಿ ಅವರು ತೂರಾಡುತ್ತ ಎದ್ದಾಗ ಮಲ್ಲಾಜಮ್ಮ ಒಣಬಟ್ಟೆ ಹಿಡಿದು ನಿಂತಿದ್ದಳು. ಜರಿ ರುಮಾಲಿನ ಕಂಪನಿ ರಾಯರು ಪೆನ್ನು ತೆಗೆದು ಗಂಗಾಧರಸ್ವಾಮಿಯ ಕಡೆಗೇ ಮೊದಲು ತಿರುಗಿದರು.

"ಪೆಟ್ಟು ಬಿದ್ದವರು ನೀವಲ್ಲವೆ? ಮೋಟಾರು ಓಡಿಸುತ್ತಿದ್ದವರು ಯಾರು, ಹೇಳಿ."

ಗಂಗಾಧರಸ್ವಾಮಿ ಶಿವಮಲ್ಲಪ್ಪನವರ ಕಡೆ ಕೈ ತೋರಿಸಿದ. "ಹಿರಿಯರಿದಾರೆ. ಮೊದ್ಲು ಅವರು ಹೇಳಲಿ" ಎಂದ.

"ಇನ್ಯಾರು ಸಾರ್, ಡ್ರೈವರ್ರೇ..." ಎಂದು ಮರಿಸ್ವಾಮಿ ಬಾಯಿ ಹಾಕಿದರು.

"ತಾವು ಮೋಟಾರಿನಲ್ಲಿದ್ದಿರೋ?" ಎಂದರು ರಾಯರು. ಮರಿಸ್ವಾಮಿ ನಶ್ಯದ ಡಬ್ಬಿ ಹುಡುಕತೊಡಗಿದರು.

ಎಲ್ಲರೂ ಶಿವಮಲ್ಲಪ್ಪನವರನ್ನು ನೋಡಿದರು. ಮೈಯೆಲ್ಲ ಮಣ್ಣು, ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವರು ಒಮ್ಮೆ ಚಿಕ್ಕಮಾದುವನ್ನು ನೋಡಿದರು. ಒಮ್ಮೆ ಗರ್ಭಗುಡಿಯ ಕಡೆ ನೋಡಿದರು.  ಒಳಗಿನಿಂದ ಗಂಟೆಯ ಸದ್ದು ಕೇಳಿಸಿತು.

"ನಾನೇ ಕಣ್ರೀ," ಎಂದರು ಕೊನೆಗೆ. "ನಾನೇ ಓಡಿಸ್ತಿದ್ದೆ. ಲೈಸೆನ್ಸಿಲ್ಲ, ಏನೂ ಇಲ್ಲ. ಇವನು ಬೇಡ ಬುದ್ದಿ ಬೇಡ ಬುದ್ದಿ ಅಂತಲೇ ಇದ್ದ."

ರಾಯರು ಪೆನ್ನಿಗೆ ಮುಚ್ಚಳ ಹಾಕಿದರು. ಹಾಗಿದ್ದರೆ ಕಂಪನಿಗೆ ಇಲ್ಲಿ ಕೆಲಸವಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿ, ಪ್ರಸಾದ ತಿಂದು, ರೈಲಿಗೆ ಹೊರಟುಹೋದರು. ಮರಿಸ್ವಾಮಿ ತಲೆಯ ಮೇಲೆ ಕೈಹೊತ್ತು ಕೂತರು. ಚಿಕ್ಕಮಾದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಮೋಟಾರಿನ ಕಡೆ ಹೋದ.

ಶಿವಮಲ್ಲಪ್ಪನವರು ಗಂಗಾಧರಸ್ವಾಮಿಯ ಎದುರಿಗೆ ಬಂದು ನಿಂತರು. "ಈ ದಿನ, ಈ ಜಾಗ ಗೊತ್ತು ಮಾಡ್ದೋನು ನೀನಂತೆ?"

"ಹೌದು ಯಜಮಾನ್ರೇ."

"ಬೇಕೂ ಅಂತ?"

"ಬೇಕು ಅಂತಲೇ. ಇಲ್ಲಿ ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ ಅಂತ ಗೊತ್ತಿತ್ತು. ಬೇರೆ ಕಡೆ ಆಗಿದ್ರೆ ನಿಮ್ಮ ಎದುರಿಗೇ ನಾನು ನಿಜ ಹೇಳ್ಬೇಕಾಗ್ತಿತ್ತು. ಚಿಕ್ಕಮಾದುವಿನ ಅನ್ನ ಕಿತ್ಕೊಂಡು ನಿಮ್ಮ ಮಗಳ ಕೈ ಹಿಡಿಯೋಕೆ ನನ್ನ ಕೈಲಿ ಆಗಲ್ಲ."

ಶಿವಮಲ್ಲಪ್ಪನವರು ಮಗಳ ಕೈಯಿಂದ ಒಣಬಟ್ಟೆ ತೆಗೆದುಕೊಂಡು, ತಿರುಗಿಯೂ ನೋಡದೆ ಹೊರಗೆ ನಡೆದರು. ಮುಗಿಯಿತು, ಎಂದುಕೊಂಡ ಗಂಗಾಧರಸ್ವಾಮಿ. ಅತ್ತುಬಿಡಬೇಕು ಎನ್ನಿಸಿತು. ಮಾವನ ಭುಜ ಹಿಡಿದು ಒಂಟಿಕಾಲಿನಲ್ಲಿ ಕುಂಟುತ್ತ ಗೋಪುರದ ಹೊರಗೆ ಬಂದಾಗ ಮಲ್ಲಾಜಮ್ಮ ಇನ್ನೊಂದು ಪಕ್ಕದಲ್ಲಿ ನಡೆಯುತ್ತಿದ್ದಳು.  ಮೆಟ್ಟಿಲು ಬಂದಲ್ಲಿ, ಊರವರೆಲ್ಲ ನೋಡುತ್ತಿದ್ದರೂ, ಅವನ ಮೊಣಕೈಗೆ ಕೈ ಕೊಟ್ಟಳು.

ಶಿವಮಲ್ಲಪ್ಪನವರು ಆಗಲೇ ಮೋಟಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮುಖ ಬಿಗಿದುಕೊಂಡೇ ಇತ್ತು. ಮಗಳ ಕೈ ಎಲ್ಲಿದೆ ಎಂಬುದನ್ನು ನೋಡಿದರು. 

"ಎಲ್ಲಿಗೆ ಬುದ್ದಿ, ಊರ್ಗಾ?" ಎಂದ ಚಿಕ್ಕಮಾದು.

"ಊರಿಗೆ ಆಮೇಲೆ ಹೋದ್ರಾಯ್ತು. ಮೊದ್ಲು ಬೀಗರ ಮನೆಗೆ ನಡೀಲಾ," ಎಂದರು ಶಿವಮಲ್ಲಪ್ಪನವರು. "ಅಳಿಯಂದಿರು ಮುಂದೆ ಕೂತ್ಕಳ್ಳಲಿ. ಕಾಲು ಚಾಚೋಕೆ ಜಾಗ ಬೇಕು."